ಸ್ಕ್ಯಾನಂಗೆ ಎಂತದೂ ಇಲ್ಲಂಬ್ರ್

ಆಷಾಢದ ಮಧ್ಯಾಹ್ನ. ಕೋಟ ಮೂರ್ಕೈಯಲ್ಲಿ ಬಸ್ಸಿಳಿದು ಪಡುಕರೆ ಕಡೆಗೆ ನಡೆಯುತ್ತಿದ್ದೀರಿ. ಹೆದ್ದಾರಿಯ ಲಾರಿಗಳ ಸದ್ದು ಹಿಂದಕ್ಕೆ ಸರಿಯುತ್ತಿದೆ, ಎದುರಿನಿಂದ ಕಡಲಿನ ಮೊರೆತ ಏರುತ್ತಿದೆ. ಗದ್ದೆಗಳಲ್ಲಿ ನಾಟಿ ಮುಗಿದಿದೆ. ಒಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿದ ದೊಡ್ಡ ಕವರು. ಒಳಗೆ ನಿಮ್ಮ ತಮ್ಮನ ತಲೆಯ ಎಂಆರ್‌ಐ ಫಿಲ್ಮುಗಳು, ಜತೆಗೊಂದು ಹಾಳೆಯ ರಿಪೋರ್ಟು. ಅದರ ಕೊನೆಯ ಸಾಲನ್ನು ಬಸ್ಸಿನಲ್ಲೇ ಓದಿಯಾಗಿದೆ: ಮೆದುಳು ನಾರ್ಮಲ್.

ದಾರಿಯಲ್ಲಿ ಸಿಕ್ಕ ನೆರೆಮನೆಯವರು ಕೊಡೆ ಓರೆ ಮಾಡಿ ಕೇಳುತ್ತಾರೆ, "ಹ್ವಾಯ್, ಎಂತ ಹೇಳ್ದ್ರ್ ಡಾಕ್ಟ್ರ್?"

"ಸ್ಕ್ಯಾನಂಗೆ ಎಂತದೂ ಇಲ್ಲಂಬ್ರ್."

ಹೇಳುವಾಗ ನಿಮಗೇ ಗೊತ್ತು, ಇದು ಸಮಾಧಾನದ ಮಾತಲ್ಲ. ಮನೆ ಮುಟ್ಟುವಾಗ ಅಮ್ಮ ಜಗಲಿಯಲ್ಲೇ ಕಾದು ನಿಂತಿದ್ದಾರೆ. ರಿಪೋರ್ಟಿನ ಮಾತು ಕೇಳಿ ಅವರ ಮುಖ ಇನ್ನಷ್ಟು ಇಳಿಯುತ್ತದೆ. "ಎಂತದೂ ಇಲ್ಲ ಅಂದ್ರೆ ಮಾಣಿ ಎಂತಕೆ ಹೀಂಗ್ ಮಾಡ್ತ?"

ಮಾಣಿಗೆ 22 ವರ್ಷ. ಡಿಗ್ರಿ ಕೊನೆಯ ವರ್ಷದಲ್ಲಿ ಕಾಲೇಜು ಬಿಟ್ಟ. ಮೊದಮೊದಲು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಆಮೇಲೆ ಟಿವಿಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂದ. ಈಗ ಒಳಕೋಣೆಯಲ್ಲಿ ಕೂತು ಯಾರಿಗೋ ಉತ್ತರ ಕೊಡುತ್ತಾನೆ. ಆ ಯಾರೋ ಅವನನ್ನು ಬೈಯುತ್ತಾರೆ, ಅವನು ಮಾಡಿದ್ದನ್ನೆಲ್ಲ ಬಿಡದೆ ವರದಿ ಒಪ್ಪಿಸುತ್ತಾರೆ. ಬೇಲಿಯಾಚೆಯ ಮನೆಯಲ್ಲಿ ಇನ್ನೊಂದು ಕೋಣೆಯ ಬಾಗಿಲೂ ಮುಚ್ಚಿದೆ. ಅಲ್ಲಿ ಒಬ್ಬ ಅತ್ತಿಗೆ ಮೂರು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರಾಗಿ, ಏಳಲಾಗದೆ, ಮಾಡು ನೋಡುತ್ತ ಮಲಗಿರುತ್ತಾರೆ. ಅವರಿಗೆ ಯಾರ ಮಾತೂ ಕೇಳಿಸುವುದಿಲ್ಲ. ತನ್ನದೇ ಮಾತು, ತಾನು ಯಾರಿಗೂ ಬೇಡ ಎಂಬ ಒಂದೇ ಮಾತು, ಸುತ್ತಿ ಸುತ್ತಿ ಬರುತ್ತದೆ. ಕೇಳಿದವರಿಗೆ ಅವರು ಹೇಳುವುದು ತಲೆಭಾರ, ಕೈಕಾಲು ಸೋಲು, ಎದೆ ಹಿಡಿದ ಹಾಗೆ ಎಂದಷ್ಟೇ. ಅವರ ಸ್ಕ್ಯಾನೂ ನಾರ್ಮಲ್.

ಈ ಎರಡು ಮನೆಗಳು ಹಲವು ಮನೆಗಳಿಂದ ಕೂಡಿಸಿದವು, ಇಂಥವರದೇ ಎಂದು ಬೆರಳು ತೋರಿಸುವಂಥವಲ್ಲ. ಆದರೆ ಮೊದಲನೆಯದು ಸ್ಕಿಜೋಫ್ರೇನಿಯಾ, ಎರಡನೆಯದು ಖಿನ್ನತೆ. ಎರಡೂ ಕಾಯಿಲೆಗಳು ಕರಾವಳಿಯ ಯಾವ ಊರಿಗೂ ಹೊಸತಲ್ಲ. ಎರಡೂ ಕಡೆ ಫಿಲ್ಮು ಕೈಗೆ ಬಂದ ದಿನವೇ ಮನೆಯವರ ಮನಸ್ಸು ದಾರಿ ತಪ್ಪುತ್ತದೆ. ತಲೆಯಲ್ಲಿ ಏನೂ ಇಲ್ಲ ಎಂದ ಮೇಲೆ ಉಳಿಯುವುದು ಎರಡೇ ಎಂದು ತೋರುತ್ತದೆ. ಒಂದೋ ನಾಟಕ, ಇಲ್ಲವೇ ಉಪದ್ರ. ಈ ಎರಡರ ನಡುವೆ ಮೂರನೆಯ ಉತ್ತರವೊಂದಿದೆ. ಅದನ್ನು ನೋಡಲು ಎರಡು ಕಡೆ ಹೋಗಬೇಕು. ಮೊದಲನೆಯದಕ್ಕೆ ಬಸ್ಸು ಬೇಡ.

*

ಇದೇ ಊರು, 1970ರ ದಶಕದ ಮೊದಲ ವರ್ಷಗಳು. ನೀವು ಕೋಟದ ಕಂಟದ ಮೇಲೆ ಒಬ್ಬ ಸಂದರ್ಶಕನ ಹಿಂದೆ ನಡೆಯುತ್ತಿದ್ದೀರಿ. ಅವನ ಕೈಯಲ್ಲಿ ಪ್ರಶ್ನೆಗಳ ಕಟ್ಟು. ಎಡಿನ್‌ಬರೋದ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಮನೋವೈದ್ಯ ಆರ್. ಎಲ್. ಕಪೂರ್ ಸೇರಿ ಕೈಗೊಂಡ ಅಧ್ಯಯನ ಇದು. ಬ್ರಾಹ್ಮಣರು, ಬಂಟರು, ಮೊಗವೀರರು ಹೀಗೆ ಮೂರು ಸಮುದಾಯಗಳ ಮನೆಗಳಿಗೆ ತಂಡ ಹೋಗುತ್ತದೆ. ಅಳಿಯಕಟ್ಟಿನ ಕುಟುಂಬಗಳು ಮಕ್ಕಳಕಟ್ಟಿಗೆ ಹೊರಳುತ್ತಿರುವ ಕಾಲ ಅದು. ಊರು ಬದಲಾಗುವಾಗ ಮನಸ್ಸಿಗೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ.

ಕೇಳುವ ಕ್ರಮವನ್ನೇ ಅವರು ಹೊಸದಾಗಿ ಕಟ್ಟಬೇಕಾಯಿತು. ವಿಲಾಯಿತಿಯ ಪ್ರಶ್ನಾವಳಿ ಹಿಡಿದು ಹೋದರೆ ಇಲ್ಲಿನ ದುಃಖ ಅದಕ್ಕೆ ಸಿಗುತ್ತಿರಲಿಲ್ಲ. ಇಲ್ಲಿ ಮನಸ್ಸಿನ ನೋವು ಮೈನೋವಾಗಿ ಬರುತ್ತದೆ, ಕೆಲವೊಮ್ಮೆ ಮೈಮೇಲೆ ಬರುವುದಾಗಿ ಬರುತ್ತದೆ. ಹಾಗಾಗಿ ಕಪೂರ್, ಮಾಳವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಇಲ್ಲಿಗೆ ಹೊಂದುವ ಸಂದರ್ಶನ ಕ್ರಮವೊಂದನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ಮಾಳವಿಕಾ ಮನಶ್ಶಾಸ್ತ್ರಜ್ಞೆ, ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಮಗಳು. ಕೋಟದ ಅಧ್ಯಯನ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕವಾಗಿ ಬಂತು. ಲೋಕದ ಮನೋವೈದ್ಯರು ಇವತ್ತಿಗೂ ನಮ್ಮ ಊರಿನ ಹೆಸರು ಹೇಳುವುದು ಈ ಪುಸ್ತಕದಿಂದ.

ಸಂದರ್ಶಕ ಒಂದು ಅಂಗಳಕ್ಕೆ ಕಾಲಿಡುತ್ತಾನೆ. ಚಾಪೆ ಬರುತ್ತದೆ, ನೀರು ಬೆಲ್ಲ ಬರುತ್ತದೆ. ನಿದ್ದೆ ಹೇಗೆ, ಹಸಿವು ಹೇಗೆ, ಎದೆ ಹೊಡೆದುಕೊಳ್ಳುತ್ತದಾ, ಯಾರೂ ಇಲ್ಲದಾಗ ಮಾತು ಕೇಳಿಸುತ್ತದಾ ಎಂದು ಅವನು ಒಂದೊಂದಾಗಿ ಕೇಳುತ್ತಾನೆ. ಹೌದಾದರೆ ಯಾರ ಹತ್ತಿರ ಹೋದಿರಿ? ಈ ಕೊನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಕಪೂರ್ 1975ರಲ್ಲಿ ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಬರೆದರು. ಊರಿನಲ್ಲಿ ಮದ್ದು ಕೊಡುವ ವೈದ್ಯರಿದ್ದರು, ಯಂತ್ರ ಕಟ್ಟುವ ಮಂತ್ರವಾದಿಗಳಿದ್ದರು, ದರ್ಶನದಲ್ಲಿ ನುಡಿ ಕೊಡುವ ಪಾತ್ರಿಗಳಿದ್ದರು, ಇಂಗ್ಲಿಷ್ ಮದ್ದಿನ ಡಾಕ್ಟರೂ ಇದ್ದರು. ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುತ್ತಿರಲಿಲ್ಲ, ಎಲ್ಲರ ಹತ್ತಿರವೂ ಹೋಗುತ್ತಿದ್ದರು. ಅದರಲ್ಲಿ ಮೂಢತನಕ್ಕಿಂತ ಹೆಚ್ಚಾಗಿ ಕಾಣುವುದು ಸಂಕಟ. ತಮ್ಮನಿಗಾಗಿ ನೀವೂ ನಾಲ್ಕೂ ಬಾಗಿಲು ತಟ್ಟುತ್ತಿದ್ದಿರಿ.

ಆ ಕಾಲದಲ್ಲಿ ಒಬ್ಬನ ತಲೆಯೊಳಗೆ ನಡೆಯುವುದನ್ನು ತಿಳಿಯಲು ಕೇಳುವುದೊಂದೇ ದಾರಿ. ಬದುಕಿರುವ ಮನುಷ್ಯನ ಮೆದುಳು ಕೆಲಸ ಮಾಡುವುದನ್ನು ಕಣ್ಣಾರೆ ನೋಡುವ ಯಂತ್ರ ಇನ್ನೂ ಬಂದಿರಲಿಲ್ಲ. ಈಗ ಬಂದಿದೆ.

*

ರಾತ್ರಿ ಬಸ್ಸು ಘಾಟಿ ಹತ್ತಿ ಬೆಳಗಾಗುವಾಗ ಬೆಂಗಳೂರಿನಲ್ಲಿ ಬಿಡುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಹೊರರೋಗಿ ವಿಭಾಗದ ಎದುರು ಆಗಲೇ ಸಾಲು. ಬಳ್ಳಾರಿ, ಕೋಲಾರ, ಬೀದರ್ ಕಡೆಯವರು ಚೀಲ, ಊಟದ ಡಬ್ಬಿ, ಹಳೆಯ ಚೀಟಿಗಳ ಕಟ್ಟು ಹಿಡಿದು ಕೂತಿದ್ದಾರೆ. ತಮ್ಮ ನಿಮ್ಮ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ. ಡಾಕ್ಟರ ಹತ್ತಿರ ಮಾತು ಮುಗಿದ ಮೇಲೆ ನಿಮ್ಮನ್ನೊಂದು ಪ್ರಶ್ನೆ ಕೇಳುತ್ತಾರೆ: ಸಂಶೋಧನೆಗಾಗಿ ನೀವೂ ಸ್ಕ್ಯಾನ್ ಮಾಡಿಸಿಕೊಳ್ಳುತ್ತೀರಾ? ರೋಗಿಯ ಒಡಹುಟ್ಟಿದವರು, ಕಾಯಿಲೆ ಇಲ್ಲದವರು, ಇಂಥವರ ಮೆದುಳೂ ಬೇಕು. ಹೋಲಿಸಲು ಯಾರೂ ಇಲ್ಲದಿದ್ದರೆ ವ್ಯತ್ಯಾಸ ಎನ್ನುವುದಕ್ಕೇ ಅರ್ಥವಿಲ್ಲ. 2016ರಿಂದ ನಿಮ್ಹಾನ್ಸ್ ಜತೆ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಗಳು ಕೂಡಿ, ಮನೋರೋಗ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಂಡುಬಂದ ಕುಟುಂಬಗಳನ್ನು ವರ್ಷಗಟ್ಟಲೆ ಹೀಗೆ ಅಧ್ಯಯನ ಮಾಡುತ್ತ ಬಂದಿವೆ. ನೀವು ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಓದಿ ಸಹಿ ಹಾಕುತ್ತೀರಿ.

ಬಾಗಿಲ ಹೊರಗೆ ತಂತ್ರಜ್ಞೆ ಕೇಳುತ್ತಾರೆ, "ಮೈಮೇಲೆ ಲೋಹದ್ದು ಏನಾದ್ರೂ ಇದೆಯಾ ಸರ್?" ವಾಚು, ಬೆಲ್ಟು, ಉಂಗುರ, ಕಿಸೆಯ ಚಿಲ್ಲರೆ ಟ್ರೇಗೆ ಬೀಳುತ್ತವೆ. "ಉಡಿದಾರ?" ಬೆಳ್ಳಿಯದು ಎನ್ನುತ್ತೀರಿ. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಬಳೆಯಾಗಿ ಸುತ್ತಿಕೊಂಡ ಲೋಹದಲ್ಲಿ ವಿದ್ಯುತ್ತು ಹುಟ್ಟಿ ಬಿಸಿಯಾಗಬಹುದು. ಸೊಂಟದ ಕೊಂಡಿ ಬಿಚ್ಚಿ ಅದನ್ನೂ ಟ್ರೇಯಲ್ಲಿ ಇಡುತ್ತೀರಿ. ಒಳಗಿನ ಅಯಸ್ಕಾಂತದ ಬಲ 3 ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಬಲಕ್ಕೆ ಹೋಲಿಸಿದರೆ ಸುಮಾರು 60,000 ಪಟ್ಟು.

ಮಲಗುತ್ತೀರಿ. ಕಿವಿಗೆ ಬೆಂಡಿನ ತುಣುಕು, ಅದರ ಮೇಲೆ ಹೆಡ್‌ಫೋನು, ತಲೆಯ ಎರಡೂ ಬದಿಗೆ ಸ್ಪಂಜು. ಮುಖದ ಮೇಲೆ ಪ್ಲಾಸ್ಟಿಕ್ ಚೌಕಟ್ಟು ಮುಚ್ಚುತ್ತದೆ. ಅದರಲ್ಲೊಂದು ಕನ್ನಡಿ, ಕನ್ನಡಿಯಲ್ಲಿ ಕಾಲ ಕಡೆಯ ಪರದೆ ಕಾಣುತ್ತದೆ. ಕೈಗೆ ರಬ್ಬರಿನ ಗುಂಡು ಕೊಡುತ್ತಾರೆ. ಹೆದರಿಕೆಯಾದರೆ ಒತ್ತಬೇಕು. ಹಲಗೆ ಒಳಗೆ ಸರಿಯುತ್ತದೆ. ಮೂಗಿನ ಮೇಲೆ ಒಂದು ಗೇಣು ಜಾಗ. ತಂಪು ಗಾಳಿ ಕಾಲಿನಿಂದ ಮುಖದವರೆಗೆ ಹಾಯುತ್ತದೆ. ಟಕ್ ಟಕ್ ಎಂದು ಶುರುವಾದ ಸದ್ದು ಕರ್ಕಶವಾದ ಗೀಂಕಾರವಾಗಿ ಹಲ್ಲಿನ ಬುಡಕ್ಕೂ ತಾಗುತ್ತದೆ.

"ಪರದೆ ಮೇಲೆ ಕೂಡಿಸುವ ಚಿಹ್ನೆ ಕಾಣ್ತದೆ. ಅದನ್ನೇ ನೋಡ್ತಾ ಇರಿ. ಏನೂ ಮಾಡೋದು ಬೇಡ, ನಿದ್ದೆ ಮಾತ್ರ ಬೇಡ. ತಲೆ ಅಲ್ಲಾಡಿಸ್ಬೇಡಿ."

ಏನೂ ಮಾಡದ ಈ ಹತ್ತು ನಿಮಿಷವೇ ಅವರಿಗೆ ಬೇಕಾದ್ದು. ನಿಮ್ಮ ತಲೆಯಲ್ಲಿ ಮಾತ್ರ ಏನೂ ನಿಲ್ಲುವುದಿಲ್ಲ. ಹೊರಗೆ ತಮ್ಮ ಒಬ್ಬನೇ ಕೂತಿದ್ದಾನಲ್ಲ. ಊರಲ್ಲಿ ಮಳೆ ಹಿಡಿದಿದೆಯೋ ಏನೋ. ಅಮ್ಮನಿಗೆ ಫೋನು ಮಾಡಬೇಕು. ಅಂದು ನಾನು ಅವನಿಗೆ ಹೊಡೆಯಬಾರದಿತ್ತು. ಮನಸ್ಸು ಹೀಗೆ ತನ್ನಷ್ಟಕ್ಕೆ ಅಲೆಯುವಾಗ ಹಣೆಯ ಹಿಂದಿನ ನಡುಭಾಗ ಮತ್ತು ಮೆದುಳಿನ ಹಿಂಬದಿಯ ನಡುಭಾಗ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಕೆಲಸವಿಲ್ಲದಾಗಲೇ ಚುರುಕಾಗುವ ಈ ಜಾಲವನ್ನು ಮಾರ್ಕಸ್ ರೈಕಲ್ 2001ರಲ್ಲಿ ಡಿಫಾಲ್ಟ್ ಮೋಡ್ ಎಂದು ಕರೆದರು. ಸುಮ್ಮನೆ ಮಲಗಿದವನ ಮೆದುಳಿನ ದೂರದೂರದ ಭಾಗಗಳೂ ಜತೆಯಾಗಿ ಏರಿಳಿಯುತ್ತವೆ ಎಂದು ಮೊದಲು ತೋರಿಸಿದ್ದು ಭಾರತ ಮೂಲದ ಭರತ್ ಬಿಸ್ವಾಲ್, 1995ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಹಲವರು ಅದನ್ನು ಯಂತ್ರದ ಗದ್ದಲ ಎಂದುಕೊಂಡಿದ್ದರು. ಅದು ಮೆದುಳಿನದೇ ಮಾತಾಗಿತ್ತು.

ಯಂತ್ರ ಅಳೆಯುವುದು ರಕ್ತವನ್ನು. ನರಕೋಶಗಳು ದುಡಿದ ಕಡೆಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಕಳಕೊಂಡ ರಕ್ತಕ್ಕೂ ಅಯಸ್ಕಾಂತದೆದುರು ವರ್ತನೆ ಬೇರೆ. ಸೇಜಿ ಒಗಾವಾ 1990ರಲ್ಲಿ ತೋರಿಸಿದ ಈ ವ್ಯತ್ಯಾಸವನ್ನೇ ಹಿಡಿದು ಯಂತ್ರ ಸುಮಾರು ಎರಡು ಸೆಕೆಂಡಿಗೊಮ್ಮೆ ಇಡೀ ಮೆದುಳಿನ ಚಿತ್ರ ತೆಗೆಯುತ್ತದೆ. ಹತ್ತು ನಿಮಿಷಕ್ಕೆ 300 ಚಿತ್ರ. ನಿಮ್ಮ ಮೂಗು ತುರಿಸುತ್ತದೆ, ತಡೆಯುತ್ತೀರಿ. ತಲೆ ಅರ್ಧ ಮಿಲಿಮೀಟರ್ ಅಲುಗಿದರೂ ಲೆಕ್ಕ ಕೆಡುತ್ತದೆ, ಇಲ್ಲದ ನಂಟು ಇದ್ದಂತೆ ಕಾಣುತ್ತದೆ. ಬಾಧೆಯಲ್ಲಿರುವ ಕಾಯಿಲೆಯವರು ಹೆಚ್ಚು ಅಲುಗಾಡುತ್ತಾರೆ. ಈ ಒಂದು ಕಾರಣಕ್ಕೆ 2012ರ ಹೊತ್ತಿಗೆ ಹಳೆಯ ಅಧ್ಯಯನಗಳನ್ನು ಸಂಶೋಧಕರು ಮತ್ತೆ ಅನುಮಾನದಿಂದ ನೋಡಬೇಕಾಯಿತು.

*

ಹಲಗೆ ಹೊರಗೆ ಬರುತ್ತದೆ. ಉಡಿದಾರ ಮತ್ತೆ ಸೊಂಟಕ್ಕೆ. ಗಾಜಿನಾಚೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ನಿಮಗೊಂದು ಕುರ್ಚಿ ಕೊಡುತ್ತಾರೆ. ಮೊದಲು ಬಂದ ಚಿತ್ರ ನಿಮಗೆ ಪರಿಚಯದ್ದೇ. ಬೂದುಬಣ್ಣದ ಮಡಿಕೆಗಳು, ನಡುವೆ ಕಪ್ಪು ಕುಳಿಗಳು. ತಮ್ಮನ ಫಿಲ್ಮಿನಲ್ಲಿದ್ದದ್ದೂ ಇದೇ. ಗಡ್ಡೆ ಇದೆಯಾ, ರಕ್ತಸ್ರಾವ ಆಗಿದೆಯಾ, ಸೋಂಕಿನ ಬಾವು ಇದೆಯಾ ಎಂದು ನೋಡಲು ಈ ಚಿತ್ರ ಬೇಕು. ನಾರ್ಮಲ್ ಎಂದರೆ ಇವು ಯಾವುವೂ ಇಲ್ಲ ಎಂದರ್ಥ. ಅದಕ್ಕಿಂತ ಹೆಚ್ಚಿನದನ್ನು ಆ ಹಾಳೆ ಹೇಳಿಯೇ ಇಲ್ಲ.

ಅಮೃತೇಶ್ವರಿ ಮೇಳದ ಯಕ್ಷಗಾನ ಆಟ ನೋಡಿದ ನಿಮಗೆ ಇದು ಬೇಗ ತಿಳಿದೀತು. ರಂಗದ ಮೇಲಿನ ಹಿಮ್ಮೇಳದ ಒಂದು ಫೋಟೋ ತೆಗೆಯಿರಿ. ಭಾಗವತರಿದ್ದಾರೆ, ಮದ್ದಳೆ ಇದೆ, ಚಂಡೆ ಇದೆ, ಯಾವುದರ ಚರ್ಮವೂ ಹರಿದಿಲ್ಲ. ಫೋಟೋ ನೋಡಿದರೆ ಎಲ್ಲ ಸರಿ. ತಾಳಕ್ಕೆ ಮದ್ದಳೆ ಕೂಡುತ್ತಿದೆಯೋ, ಪದ್ಯದ ಏರಿಗೆ ಚಂಡೆ ಸರಿಯಾದ ಹೊತ್ತಿಗೆ ಏರುತ್ತಿದೆಯೋ ಎಂಬುದು ಫೋಟೋದಲ್ಲಿ ಸಿಗುವುದಿಲ್ಲ. ಅದಕ್ಕೆ ಕೂತು ಸ್ವಲ್ಪ ಹೊತ್ತು ಕೇಳಬೇಕು.

ಎರಡನೆಯ ಚಿತ್ರ ಆ ಕೇಳುವಿಕೆಯದು. ಮೆದುಳನ್ನು ಕೆಲವು ನೂರು ಭಾಗಗಳಾಗಿ ಮಾಡಿ, ಪ್ರತಿ ಭಾಗದ ಹತ್ತು ನಿಮಿಷದ ಏರಿಳಿತವನ್ನು ಉಳಿದ ಪ್ರತಿ ಭಾಗದ ಏರಿಳಿತದೊಂದಿಗೆ ತಾಳೆ ನೋಡುತ್ತಾರೆ. ಒಟ್ಟಿಗೆ ಏರಿಳಿದರೆ ಆ ಜೋಡಿಯ ಚೌಕಕ್ಕೆ ಕೆಂಪು, ಒಂದು ಏರುವಾಗ ಇನ್ನೊಂದು ಇಳಿದರೆ ನೀಲಿ. ಪರದೆ ತುಂಬ ಕೆಂಪು ನೀಲಿಯ ಸಾವಿರಾರು ಚೌಕಗಳು. ಇದು ನಿಮ್ಮದು. ಸ್ಕಿಜೋಫ್ರೇನಿಯಾ ಇರುವ ನೂರಾರು ಜನರ ಚೌಕಗಳ ಸರಾಸರಿಯನ್ನು ಇಲ್ಲದ ನೂರಾರು ಜನರ ಸರಾಸರಿಯ ಪಕ್ಕ ಇಟ್ಟಾಗ ವ್ಯತ್ಯಾಸ ಏಳುತ್ತದೆ.

ಕಣ್ಣು, ಕಿವಿ, ಮೈಯಿಂದ ಬರುವ ಸುದ್ದಿಗಳನ್ನು ಮೇಲಿನ ಮೆದುಳಿಗೆ ದಾಟಿಸುವ ಥಲಾಮಸ್ ಎಂಬ ಭಾಗ ಮೆದುಳಿನ ನಡುವೆ ಇದೆ. ಸ್ಕಿಜೋಫ್ರೇನಿಯಾದಲ್ಲಿ ಥಲಾಮಸ್‌ಗೂ ತೂಗಿ ನೋಡುವ ಮುಂಮೆದುಳಿಗೂ ನಂಟು ಸಡಿಲ, ಥಲಾಮಸ್‌ಗೂ ಇಂದ್ರಿಯ ಮತ್ತು ಚಲನೆಯ ಪಟ್ಟಿಗೂ ನಂಟು ಬಿಗಿ. ಬೇರೆ ಬೇರೆ ದೇಶಗಳ ತಂಡಗಳು ಇದನ್ನು ಮತ್ತೆ ಮತ್ತೆ ಕಂಡಿವೆ. ನರತಂತುಗಳ ಕಟ್ಟುಗಳಲ್ಲೂ ವ್ಯತ್ಯಾಸ ಇದೆ. 2018ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಒಕ್ಕೂಟ 1,963 ರೋಗಿಗಳನ್ನೂ 2,359 ಆರೋಗ್ಯವಂತರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ಮೆದುಳಿನ ಬಹುತೇಕ ಎಲ್ಲ ಕಡೆ ಈ ಕಟ್ಟುಗಳ ಅಳತೆ ಸ್ವಲ್ಪ ಇಳಿದಿತ್ತು, ಎಡ ಬಲ ಅರ್ಧಗಳನ್ನು ಬೆಸೆಯುವ ಸೇತುವೆಯಲ್ಲಿ ಇಳಿಕೆ ಇನ್ನೂ ಸ್ವಲ್ಪ ಹೆಚ್ಚು. ಸ್ಕಿಜೋಫ್ರೇನಿಯಾ ಒಂದು ಜಾಗದ ಗಾಯವಲ್ಲ, ಭಾಗಗಳ ನಡುವಿನ ನಂಟಿನ ಕಾಯಿಲೆ ಇರಬಹುದೇ ಎಂದು ಕಾರ್ಲ್ ಫ್ರಿಸ್ಟನ್ ಮತ್ತು ಕ್ರಿಸ್ ಫ್ರಿತ್ 1995ರಲ್ಲಿ ಕೇಳಿದ್ದರು. ಆ ಪ್ರಶ್ನೆಗೆ ಬಲ ಬರುತ್ತಲೇ ಇದೆ.

ತಮ್ಮನ ಕಿವಿಯ ಮಾತಿಗೂ ಇದಕ್ಕೂ ಏನು ಸಂಬಂಧ? ನೀವು ಮನಸ್ಸಿನಲ್ಲೇ ಒಂದು ಮಾತು ಆಡಿಕೊಳ್ಳಿ. ಮಾತು ಹುಟ್ಟಿಸುವ ಮುಂಭಾಗವು ಕೇಳಿಸಿಕೊಳ್ಳುವ ಪಕ್ಕದ ಭಾಗಕ್ಕೆ ಮೊದಲೇ ಸುದ್ದಿ ಕಳಿಸಿರುತ್ತದೆ: ಇದು ನನ್ನದೇ ಮಾತು, ಬೆಚ್ಚಬೇಡ. ಆ ಮುನ್ಸೂಚನೆ ತಲುಪದಿದ್ದರೆ, ತಡವಾಗಿ ತಲುಪಿದರೆ, ತನ್ನದೇ ಮಾತು ಪರರ ದನಿಯಾಗಿ ಕೇಳಿಸುತ್ತದೆ. ಹಲವು ಸಂಶೋಧಕರು ಒಪ್ಪುವ ವಿವರಣೆ ಇದು. ಇನ್ನೊಂದು ಎಳೆಯೂ ಇದೆ. ಯಾವುದಕ್ಕೆ ಗಮನ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಜಾಲದ ಮುಖ್ಯ ಠಾಣೆ ಇನ್ಸುಲಾ. ಅಲೆಯುವ ಮನಸ್ಸಿನಿಂದ ಕೆಲಸದ ಮನಸ್ಸಿಗೆ ಹೊರಳಿಸುವುದು ಬಲಗಡೆಯ ಇನ್ಸುಲಾ ಎಂದು 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿನೋದ್ ಮೆನನ್ ತಂಡ ತೋರಿಸಿತು. ಆ ಲೇಖನದ ಮೊದಲ ಲೇಖಕ ಶ್ರೀಧರನ್ ದೇವರಾಜನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಈ ಆರಿಸುವ ಕೆಲಸ ಕೆಟ್ಟು, ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ ಎಲ್ಲೆಂದರಲ್ಲಿ ಮಹತ್ವದ ಮುದ್ರೆ ಒತ್ತತೊಡಗಿದರೆ ಬಸ್ಸಿನ ಹಾರ್ನೂ ಟಿವಿಯವರ ನಗುವೂ ತನಗಾಗಿಯೇ ಬಂದ ಸಂಕೇತವಾಗುತ್ತದೆ. ಶಿತಿಜ್ ಕಪೂರ್ ಎಂಬ ಮನೋವೈದ್ಯರು 2003ರಲ್ಲಿ ಭ್ರಮೆ ಬೆಳೆಯುವ ಕ್ರಮವನ್ನು ವಿವರಿಸಿದ್ದು ಹೀಗೆ. ನಿಮ್ಮ ತಮ್ಮ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಕೇಳಿಸುತ್ತದೆ.

20ರ ಆಸುಪಾಸಿನಲ್ಲೇ ಕಾಯಿಲೆ ಯಾಕೆ ಶುರುವಾಗುತ್ತದೆ? ಹದಿಹರೆಯದಲ್ಲಿ ಮೆದುಳು ಬೇಡದ ನರಸಂಧಿಗಳನ್ನು ಕತ್ತರಿಸಿ ಹಾಕುತ್ತದೆ, ಎಲ್ಲರಲ್ಲೂ. ಆ ಕತ್ತರಿಕೆಯಲ್ಲಿ ಕೈಯಾಡಿಸುವ ಸಿ4 ಎಂಬ ಜೀನಿನ ಕೆಲವು ರೂಪಗಳು ಸ್ಕಿಜೋಫ್ರೇನಿಯಾದ ಅಪಾಯವನ್ನು ತುಸು ಹೆಚ್ಚಿಸುತ್ತವೆ ಎಂದು 2016ರಲ್ಲಿ ಗೊತ್ತಾಯಿತು. ಅಮ್ಮ ಬೆಳೆಸಿದ ರೀತಿಯಲ್ಲಿ ತಪ್ಪಾಯಿತೇ ಎಂದು ಕೊರಗುವ ಮನೆಗಳಿಗೆ ಈ ಮಾತು ಮುಟ್ಟಬೇಕು.

*

ಬೇಲಿಯಾಚೆಯ ಅತ್ತಿಗೆಯದು ಬೇರೆ ಚಿತ್ರ. ಖಿನ್ನತೆಯಲ್ಲಿ ಸಂಶೋಧಕರ ಕಣ್ಣು ಹೋದದ್ದು ಹಣೆಯ ನಡುವಿನಾಳದ ಒಂದು ಪುಟ್ಟ ಪಟ್ಟಿಯ ಮೇಲೆ. ನಕ್ಷೆಯಲ್ಲಿ ಅದರ ಸಂಖ್ಯೆ 25. ದುಃಖದಲ್ಲಿ ಇದು ಚುರುಕಾಗುತ್ತದೆ ಎಂದು ಹೆಲೆನ್ ಮೇಬರ್ಗ್ ತೋರಿಸಿದ್ದರು. ಯಾವ ಮದ್ದಿಗೂ ಬಗ್ಗದ ಖಿನ್ನತೆಯಿದ್ದ ಆರು ಮಂದಿಯ ಮೆದುಳಿನಲ್ಲಿ ಆ ಪಟ್ಟಿಯ ಪಕ್ಕಕ್ಕೆ ತೆಳು ತಂತಿ ಇಳಿಸಿ ಮಂದ ವಿದ್ಯುತ್ತು ಕೊಟ್ಟಾಗ ನಾಲ್ವರು ತಿಂಗಳುಗಟ್ಟಲೆ ಸುಧಾರಿಸಿಕೊಂಡರು ಎಂದು 2005ರಲ್ಲಿ ಅವರ ತಂಡ ವರದಿ ಮಾಡಿತು. ಎರಡು ವರ್ಷದ ನಂತರ ಮೈಕಲ್ ಗ್ರೀಷಿಯಸ್ ತಂಡಕ್ಕೆ ಅದೇ ಪಟ್ಟಿ ಡಿಫಾಲ್ಟ್ ಜಾಲದೊಂದಿಗೆ ಅತಿಯಾಗಿ ಹೆಣೆದುಕೊಂಡದ್ದು ಕಂಡಿತು. ತನ್ನ ಬಗ್ಗೆಯೇ ಸುತ್ತುವ ಯೋಚನೆಗೂ ನೋವಿಗೂ ಗಂಟು ಬಿದ್ದಿದೆ ಎಂಬ ವಿವರಣೆ ಅಲ್ಲಿಂದ ಬೆಳೆಯಿತು. ಮಾಡು ನೋಡುತ್ತ ಮಲಗಿದ ಅತ್ತಿಗೆಯ ಬೆಳಗಿನ ಜಾವಕ್ಕೆ ಅದು ಎಷ್ಟು ಚೆನ್ನಾಗಿ ಹೊಂದುತ್ತದೆ!

ಹೊಂದಿದ್ದಕ್ಕೆಲ್ಲ ತಲೆದೂಗುವ ಹಾಗಿಲ್ಲ. 2019ರಲ್ಲಿ ಚೀನಾದ 25 ತಂಡಗಳು ಖಿನ್ನತೆಯಿದ್ದ 1,300 ಜನರನ್ನೂ ಇಲ್ಲದ 1,128 ಜನರನ್ನೂ ಒಟ್ಟುಗೂಡಿಸಿ ನೋಡಿದವು. ಖಿನ್ನತೆ ಮರುಕಳಿಸುತ್ತಿದ್ದವರಲ್ಲಿ ಡಿಫಾಲ್ಟ್ ಜಾಲದ ಒಳನಂಟು ಹೆಚ್ಚಿರಲಿಲ್ಲ, ಕಡಿಮೆಯಿತ್ತು. ಆ ಇಳಿಕೆಗೆ ಮದ್ದಿನ ಸೇವನೆಯೊಂದಿಗೆ ಸಂಬಂಧವಿತ್ತು. ಖಿನ್ನತೆ ಎಂದು ನಾವು ಕರೆಯುವುದು ಒಂದೇ ಕಾಯಿಲೆ ಅಲ್ಲದಿರಬಹುದು. ಅಳು ನಿಲ್ಲದವರೂ ಅಳುವೇ ಬಾರದವರೂ ಅದೇ ಹೆಸರಿನಡಿ ಬರುತ್ತಾರೆ. ನರತಂತುಗಳ ವ್ಯತ್ಯಾಸವೂ ಇಲ್ಲಿ ಸ್ಕಿಜೋಫ್ರೇನಿಯಾಕ್ಕಿಂತ ಸಣ್ಣದು.

ಎರಡು ಕಾಯಿಲೆಗಳ ನಡುವೆ ಗೋಡೆಯೂ ಗಟ್ಟಿಯಿಲ್ಲ. 2015ರಲ್ಲಿ 193 ಅಧ್ಯಯನಗಳ 15,892 ಜನರ ಲೆಕ್ಕ ಒಟ್ಟುಮಾಡಿದಾಗ ಸ್ಕಿಜೋಫ್ರೇನಿಯಾ, ಖಿನ್ನತೆ ಸೇರಿ ಆರು ಬಗೆಯ ಮನೋರೋಗಗಳಲ್ಲಿ ಅವೇ ಕೆಲವು ಭಾಗಗಳಲ್ಲಿ ಬೂದುದ್ರವ್ಯ ಕಡಿಮೆಯಾಗಿತ್ತು. ಅವುಗಳಲ್ಲಿ ಎರಡೂ ಬದಿಯ ಇನ್ಸುಲಾ ಸೇರಿದೆ. ಬೇಲಿಯ ಈಚೆಗೂ ಆಚೆಗೂ ಮಲಗಿದ ಇಬ್ಬರ ಸಂಕಟ ಬೇರೆ, ಆದರೆ ಮೆದುಳಿನಲ್ಲಿ ಅವರು ಅಷ್ಟು ದೂರದವರಲ್ಲ.

ಈಗ ಕುರ್ಚಿಯನ್ನು ಹತ್ತಿರ ಎಳೆದು ನೀವು ಕೇಳಬೇಕಾದದ್ದನ್ನು ಕೇಳುತ್ತೀರಿ: "ನನ್ನ ತಮ್ಮನದ್ದೊಂದು ಇಂಥದ್ದೇ ಚಿತ್ರ ತೆಗೆದು ಕಾಯಿಲೆ ಇದೆಯೋ ಇಲ್ವೋ ಹೇಳ್ಬಹುದಲ್ವಾ?"

ಆಗುವುದಿಲ್ಲ. ಯಾಕೆ ಎಂಬುದಕ್ಕೆ ಲೆಕ್ಕವಿದೆ. ಎನಿಗ್ಮಾ ಕಂಡ ವ್ಯತ್ಯಾಸಗಳಲ್ಲಿ ಅತಿ ದೊಡ್ಡದನ್ನೇ ತೆಗೆದುಕೊಳ್ಳಿ. ಒಬ್ಬ ರೋಗಿ, ಒಬ್ಬ ಆರೋಗ್ಯವಂತ ಹೀಗೆ ಜೋಡಿ ಆರಿಸುತ್ತ ಹೋದರೆ 100 ಜೋಡಿಗಳಲ್ಲಿ ಸುಮಾರು 62ರಲ್ಲಿ ಆರೋಗ್ಯವಂತನ ಅಳತೆ ಮೇಲಿರುತ್ತದೆ, ಉಳಿದ 38ರಲ್ಲಿ ರೋಗಿಯದೇ ಮೇಲು. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಗಟ್ಟಿಯಾಗಿ ನಿಲ್ಲುವ ಸತ್ಯ, ಒಬ್ಬ ಮಾಣಿಯ ಮುಂದೆ ತೀರ್ಪಾಗಲಾರದು. ಸರಾಸರಿಗೆ ಮುಖವಿಲ್ಲ, ನಿಮ್ಮ ತಮ್ಮನಿಗೆ ಇದೆ. ಹಾಗಾಗಿ ಈ ಎರಡೂ ಕಾಯಿಲೆಗಳನ್ನು ಡಾಕ್ಟರು ಇವತ್ತಿಗೂ ಗುರುತಿಸುವುದು ಕೋಟದ ಅಂಗಳದಲ್ಲಿ ಸಂದರ್ಶಕ ಮಾಡಿದ ಕೆಲಸದಿಂದಲೇ. ಕೇಳುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಮನೆಯವರಿಂದ ತಿಳಿಯುತ್ತಾರೆ, ವಾರಗಟ್ಟಲೆ ನೋಡುತ್ತಾರೆ. ಥೈರಾಯ್ಡ್, ಬಿ12 ಪರೀಕ್ಷೆಯೂ ಸ್ಕ್ಯಾನೂ ಬೇರೆ ಕಾರಣಗಳನ್ನು ಬದಿಗೆ ಸರಿಸಲು.

ಹಾಗಾದರೆ ಈ ನಕ್ಷೆಗಳೆಲ್ಲ ಯಾತಕ್ಕೆ? ಚಿಕಿತ್ಸೆ ಎಲ್ಲಿ ಮುಟ್ಟಬೇಕು ಎಂದು ತೋರಿಸುವುದಕ್ಕೆ. ಖಿನ್ನತೆಗೆ ಹಣೆಯ ಎಡಬದಿಯಲ್ಲಿ ಅಯಸ್ಕಾಂತದ ಮಿಡಿತ ಕೊಡುವ ಟಿಎಂಎಸ್ ಚಿಕಿತ್ಸೆಗೆ ಅಮೆರಿಕದಲ್ಲಿ 2008ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಎಡಬದಿಯ ಯಾವ ಬಿಂದುವಿಗೆ ಕೊಟ್ಟರೆ ಹೆಚ್ಚು ಗುಣ? 25ನೇ ಪಟ್ಟಿ ಏರುವಾಗ ಇಳಿಯುವ ಬಿಂದುವಿಗೆ ಎಂದು 2012ರಲ್ಲಿ ಮೈಕಲ್ ಫಾಕ್ಸ್ ತಂಡ ನಂಟಿನ ನಕ್ಷೆ ಹಿಡಿದು ತೋರಿಸಿತು. ಮದ್ದು ತಗೊಂಡರೂ ದನಿಗಳು ನಿಲ್ಲದವರಿಗೆ ನಿಮ್ಹಾನ್ಸ್‌ನಲ್ಲಿ ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ಇನ್ನೊಂದು ಉಪಾಯವನ್ನು ಅಧ್ಯಯನ ಮಾಡುತ್ತ ಬಂದಿದೆ. ಉಪ್ಪುನೀರಲ್ಲಿ ಅದ್ದಿದ ಎರಡು ಸ್ಪಂಜುಗಳು, ಒಂದು ಎಡಹಣೆಯ ಮೇಲ್ಗಡೆ, ಇನ್ನೊಂದು ಎಡಕಿವಿಯ ಮೇಲ್ಗಡೆ. ನಡುವೆ ಹರಿಯುವುದು 2 ಮಿಲಿಆಂಪಿಯರ್, 20 ನಿಮಿಷ. ಚರ್ಮ ಸ್ವಲ್ಪ ಜುಮ್ಮೆನ್ನುತ್ತದೆ, ಅಷ್ಟೇ. ಸ್ಪಂಜು ಇಡುವ ಜಾಗವನ್ನು ಗುರುತಿಸಿದ್ದು ಮಾತು ಹುಟ್ಟುವ ಮತ್ತು ಮಾತು ಕೇಳುವ ಭಾಗಗಳ ನಂಟಿನ ಅಧ್ಯಯನವೇ. ಎಲ್ಲರಿಗೂ ಗುಣವಾಗುವುದಿಲ್ಲ, ಮದ್ದಿನ ಜತೆಗೇ ಕೊಡಬೇಕು, ಆದರೂ ದಾರಿ ತೆರೆದಿದೆ.

*

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿರುವ 100 ಜನರಲ್ಲಿ 85 ಮಂದಿಗೆ, ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗವಿರುವ 100 ಜನರಲ್ಲಿ ಸುಮಾರು 75 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಸ್ಕ್ಯಾನರ್ ಸಾಲದೆ ಹೀಗಾಗಿದೆ ಎಂದು ಯಾರೂ ಹೇಳಲಾರರು. ಆಗುಂಬೆ ಘಾಟಿಯಾಚೆ ತೀರ್ಥಹಳ್ಳಿ ತಾಲೂಕಿನಲ್ಲಿ ಜಗದೀಶ ತೀರ್ಥಹಳ್ಳಿ ಮತ್ತು ಅವರ ನಿಮ್ಹಾನ್ಸ್ ಸಂಗಡಿಗರು ಹಳ್ಳಿಹಳ್ಳಿಯಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಮದ್ದು ಕೊಡಿಸಿದರು. ಮದ್ದು ಶುರುವಾದವರು ವರ್ಷದೊಳಗೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಸುಧಾರಿಸಿಕೊಳ್ಳತೊಡಗಿದರು, ಮದ್ದಿಲ್ಲದವರು ಇದ್ದಲ್ಲೇ ಉಳಿದರು. 2009ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಬಳಸಿದ್ದು ಮಾತ್ರೆ ಮತ್ತು ಮನೆ ಬಾಗಿಲಿಗೆ ಹೋಗಿ ವಿಚಾರಿಸುವ ಜನ. ಯಾರ ತಲೆಯನ್ನೂ ಯಂತ್ರದೊಳಗೆ ಇಡಬೇಕಾಗಿ ಬರಲಿಲ್ಲ.

ಆದ್ದರಿಂದ ಮನೆಯವರು ಮಾಡಬೇಕಾದದ್ದು ಸರಳ. ನಿದ್ದೆ ಯಾವಾಗ ಕೆಟ್ಟಿತು, ಮಾತು ಯಾವಾಗ ಬದಲಾಯಿತು, ಊಟ ಯಾವಾಗ ಬಿಟ್ಟರು ಎಂದು ತಿಂಗಳು ಹಾಕಿ ಬರೆದಿಡಿ. ಡಾಕ್ಟರಿಗೆ ಫಿಲ್ಮಿಗಿಂತ ಆ ಹಾಳೆ ಹೆಚ್ಚು ಹೇಳುತ್ತದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಮಾಡಲಾಗಿದೆ. ರಾತ್ರಿ ಹೊತ್ತಲ್ಲಿ ಬದುಕೇ ಬೇಡ ಎಂಬ ಮಾತು ಬಂದರೆ ಬೆಳಗಾಗಲಿ ಎನ್ನಬೇಡಿ, 14416ಕ್ಕೆ ಕರೆ ಮಾಡಿ. ಟೆಲಿ ಮನಸ್‌ನವರು ಯಾವ ಹೊತ್ತಿಗೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ದರ್ಶನಕ್ಕೆ ಹೋಗುವುದಿದ್ದರೆ ಹೋಗಿ ಬನ್ನಿ, ದೇವರ ಮುಂದೆ ನಿಂತು ಬಂದ ಧೈರ್ಯ ಸಣ್ಣದಲ್ಲ. ಮಾತ್ರೆ ಮಾತ್ರ ಒಂದು ದಿನವೂ ತಪ್ಪದಿರಲಿ.

50 ವರ್ಷಗಳ ಹಿಂದೆ ಕೋಟದ ಜನ ಅಪರಿಚಿತರಿಗೆ ಚಾಪೆ ಹಾಕಿ, ಯಾರಿಗೂ ಹೇಳದ ನೋವನ್ನು ಹೇಳಿಕೊಂಡರು. ಹಳ್ಳಿಯ ಮನಸ್ಸೂ ಕಾಯಿಲೆ ಬೀಳುತ್ತದೆ, ಅದಕ್ಕೆ ಹಳ್ಳಿಯಲ್ಲೇ ಆರೈಕೆ ಬೇಕು ಎಂದು ದೇಶಕ್ಕೆ ಕಲಿಸಿದ ಊರುಗಳಲ್ಲಿ ಇದೂ ಒಂದು. ಅಂಥ ಊರಿನ ಯಾವ ಮನೆಯಲ್ಲೂ ರಿಪೋರ್ಟು ನಾರ್ಮಲ್ ಬಂತೆಂಬ ಕಾರಣಕ್ಕೆ ಒಬ್ಬರ ಚಿಕಿತ್ಸೆ ಒಂದು ವಾರವೂ ತಡವಾಗಬಾರದು.